ಏಳು ವಾರದ ಸಪ್ಪೆ

ಜಲಜಮ್ಮನ ಬಿ.ಪಿ. ನೂರ ತೊಂಬತ್ತಕ್ಕೇರಿದೆ ಎಂದು ಗೊತ್ತಾದ ದಿನ ಸೊಸೆ ಚೈತ್ರಾ ಹೆದರಿದ್ದು ನಿಜ. ಆದರೆ ತೀರ್ಥಹಳ್ಳಿಯ ಡಾಕ್ಟರ್ ಹರಿಪ್ರಸಾದ್ ಚೀಟಿ ಬರೆಯುತ್ತ, "ಉಪ್ಪು ಕಮ್ಮಿ ಮಾಡ್ಬೇಕಮ್ಮ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಬೇಡ. ಈ ಮಾತ್ರೆ ದಿನಾ ಬೆಳಗ್ಗೆ. ಒಂದು ತಿಂಗಳು ಬಿಟ್ಟು ಬನ್ನಿ, ರಕ್ತ ಟೆಸ್ಟ್ ಮಾಡಿ ನೋಡೋಣ" ಅಂದಾಗ ಹೆದರಿಕೆಯ ಪಕ್ಕದಲ್ಲೇ ಅವಳಿಗೆ ಇನ್ನೂ ಏನೋ ಒಂದು ಅನಿಸಿತು. ಅದು ಖುಷಿ ಎಂದು ಒಪ್ಪಿಕೊಳ್ಳಲು ಅವಳಿಗೆ ಬಹಳ ದಿನ ಹಿಡಿಯಿತು.

ಆ ಮನೆಗೆ ಸೊಸೆಯಾಗಿ ಬಂದು ಹನ್ನೆರಡು ವರ್ಷ. ಹನ್ನೆರಡು ವರ್ಷವೂ ಅತ್ತೆ ಸೌಟಿನಿಂದ ಅಂಗೈಗೆ ಎರಡು ಹನಿ ಸಾರು ಬಿಟ್ಟುಕೊಂಡು, ನೆಕ್ಕಿ, "ಉಪ್ಪು ಸಾಲ್ದು ಮಾರಾಯ್ತಿ" ಅಂದಿದ್ದರು. ಅದು ಜಗಳದ ಮಾತಲ್ಲ, ಹೊರಗೆ ಬಿಸಿಲಿದೆ ಅಂದ ಹಾಗೆ ಅನ್ನುತ್ತಿದ್ದರು. ಜಲಜಮ್ಮನ ಕೈ ಅಂಥದ್ದು. ಹೊಳೆದಂಡೆಯ ಮಾವಿನ ಅಪ್ಪೆಮಿಡಿ ಬಂತೆಂದರೆ ತಮ್ಮೂರು ಮೇಳಿಗೆಯ ಸುತ್ತಿನ ನಾಲ್ಕಾರು ಮನೆಯವರು ಮಿಡಿಯ ಚೀಲ ಹೊತ್ತು ಅವರಲ್ಲಿಗೇ ಬರುತ್ತಿದ್ದರು. ಎಷ್ಟು ಮಿಡಿಗೆ ಎಷ್ಟು ಹರಳುಪ್ಪು ಎಂದು ಅವರು ಅಳೆದದ್ದನ್ನು ಯಾರೂ ಕಂಡಿಲ್ಲ. ಮುಷ್ಟಿಯಲ್ಲಿ ತೆಗೆದು ಹಾಕಿದರೆ ಮೂರು ವರ್ಷ ಕೆಡದ ಉಪ್ಪಿನಕಾಯಿ. ಅಂಥವರ ಎದುರು ಚೈತ್ರಾ ಎಷ್ಟು ಹಾಕಿದರೂ ಒಂದು ಚಿಟಿಕೆ ಕಮ್ಮಿಯೇ.

ಈಗ ಕಮ್ಮಿ ಮಾಡಿ ಎಂದು ಡಾಕ್ಟರೇ ಹೇಳಿದ್ದರು.

ಚೈತ್ರಾ ಅರ್ಧಂಬರ್ಧ ಕೆಲಸ ಮಾಡುವವಳಲ್ಲ. ಹೊಸನಗರದಲ್ಲಿದ್ದ ಅವಳಪ್ಪ ಐವತ್ನಾಲ್ಕನೇ ವಯಸ್ಸಿಗೇ ಬಿ.ಪಿ. ಏರಿ, ಲಕ್ವ ಹೊಡೆದು, ಎಂಟು ತಿಂಗಳು ಮಲಗಿದ್ದು ತೀರಿಕೊಂಡಿದ್ದರು. ಬಾಯಿ ಸೊಟ್ಟಗಾದ ಅಪ್ಪನಿಗೆ ಚಮಚದಲ್ಲಿ ಗಂಜಿ ಕುಡಿಸಿದ್ದು ಅವಳಿಗೆ ಮರೆತಿರಲಿಲ್ಲ. ಕಮ್ಮಿ ಅಂದರೆ ಎಷ್ಟು ಕಮ್ಮಿ? ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದೇ ಅಲ್ಲವೇ? ಮಾರನೇ ದಿನವೇ ಅತ್ತೆಯ ಅಡುಗೆಗೆ ಬೇರೆ ಪಾತ್ರೆ ಬಂತು. ಗಂಜಿ, ಪಲ್ಯ, ಸಾರು, ಯಾವುದಕ್ಕೂ ಒಂದು ಹರಳು ಉಪ್ಪಿಲ್ಲ. ಉಪ್ಪಿನಕಾಯಿಯ ಭರಣಿಗಳು ಅಟ್ಟ ಹತ್ತಿದವು.

ಗಂಡ ಸತೀಶ್ ಮನೆಯ ಮುಂಭಾಗದಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಅಕ್ಕಿ, ರಾಗಿ, ಮೆಣಸಿನಕಾಯಿ. ಅವನ ಪಾಲಿನ ಸೇವೆಯೂ ಒಂದಾಯಿತು. ಮೊಬೈಲಿನಲ್ಲಿ ಯಾರೋ ಕಳಿಸಿದ ವಿಡಿಯೋ ತೋರಿಸಿ, "ದಿನಾ ನಾಕು ಲೀಟರ್ ನೀರು ಕುಡಿದ್ರೆ ಬಿ.ಪಿ., ಶುಗರ್ ಎಲ್ಲಾ ತೊಳೆದು ಹೋಗ್ತದಂತೆ" ಎಂದ. ಅಂದಿನಿಂದ ಚೈತ್ರಾ ಬೆಳಗ್ಗೆ ಎರಡೆರಡು ಲೀಟರಿನ ಎರಡು ಬಾಟಲಿ ತುಂಬಿ ಅತ್ತೆಯ ಮಂಚದ ಪಕ್ಕ ಇಡತೊಡಗಿದಳು. ಸಂಜೆಗೆ ಅವು ಖಾಲಿಯಾಗಿರಬೇಕು. ನಾಲ್ಕನೇ ಕ್ಲಾಸಿನ ಮಗಳು ಅಪೇಕ್ಷಾ ಶಾಲೆಯಿಂದ ಬಂದವಳೇ ಬಾಟಲಿ ಎತ್ತಿ ನೋಡಿ, "ಅಜ್ಜೀ, ಇನ್ನೂ ಅರ್ಧ ಇದೆ!" ಎಂದು ಕೂಗುವಳು. ಜಲಜಮ್ಮ ಮುಖ ಸಿಂಡರಿಸಿ ಗಟಗಟ ಕುಡಿಯುವರು.

ವಾರಕ್ಕೊಮ್ಮೆ ಊರಿನ ಉಪಕೇಂದ್ರದ ನರ್ಸ್ ಭವ್ಯಾ ಬಿ.ಪಿ. ನೋಡುತ್ತಿದ್ದಳು. ನೂರ ಅರವತ್ತು, ನೂರ ನಲವತ್ತೆಂಟು, ನೂರ ಮೂವತ್ತಾರು. "ಪರವಾಗಿಲ್ವಲ್ಲ ಚೈತ್ರಕ್ಕ, ಚೆನ್ನಾಗಿ ನೋಡ್ಕಳ್ತಿದೀರಿ" ಎಂದಳು. ಚೈತ್ರಾ ಆ ಸಂಖ್ಯೆಗಳನ್ನು ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಟ್ಟಳು. ತಿಂಗಳಾದಾಗ ರಕ್ತ ಪರೀಕ್ಷೆಗೆ ಹೋಗುವ ಮಾತು ಬಂತು. ಮೆಣಸಿನಕಾಯಿ ಪುಡಿ ಮಾಡಿಸುವ ಕಾಲ, ಗಿರಣಿಯ ಮುಂದೆ ಚೀಲದ ಸಾಲು. "ಬಿ.ಪಿ. ಸರಿ ಇದ್ಯಲ್ಲ, ಇನ್ನೆಂತ ಟೆಸ್ಟು?" ಎಂದು ಸತೀಶ್ ಅದೇ ಚೀಟಿಗೆ ಅದೇ ಮಾತ್ರೆ ತಂದುಕೊಟ್ಟ.

ಅದರ ಮರುದಿನವೇ ಆ ಸಂಗತಿ ನಡೆದದ್ದು.

ಮಧ್ಯಾಹ್ನ ಗಿರಣಿಯ ಬೆಂಚಿನ ಮೇಲೆ ಜಲಜಮ್ಮ ಕೂತಿದ್ದರು. ಪಕ್ಕದಲ್ಲಿ ಪುಡಿ ಮಾಡಿಸಲು ಬಂದ ಇಬ್ಬರು ಹೆಂಗಸರು. ಒಳಗಿನಿಂದ ಬಂದ ಚೈತ್ರಾಗೆ ಅತ್ತೆ ಕಣ್ಣು ಮುಚ್ಚಿಕೊಂಡು ಏನನ್ನೋ ಚೀಪುತ್ತಿರುವುದು ಕಂಡಿತು. ಮಕ್ಕಳು ಪೆಪ್ಪರಮೆಂಟು ಚೀಪುವಾಗ ಇರುವಂಥ ಸುಖ ಆ ಮುಖದ ಮೇಲೆ.

"ಬಾಯಲ್ಲಿ ಎಂತ ಅತ್ತೆ?"

ಜಲಜಮ್ಮ ಬೆಚ್ಚಿ ಸೆರಗು ಹಿಡಿದುಕೊಂಡರು. ಸೆರಗಿನ ತುದಿಯಲ್ಲಿ ಗಂಟು. ಚೈತ್ರಾ ಬಗ್ಗಿ ಬಿಚ್ಚಿದಳು. ನಾಲ್ಕೈದು ಹರಳುಪ್ಪು.

ಅವಳಿಗೆ ಕಣ್ಣು ಕತ್ತಲೆ ಬಂದಷ್ಟು ಸಿಟ್ಟು ಬಂತು. "ನಾಚ್ಕೆ ಆಗಲ್ವಾ ನಿಮಗೆ? ನಾನಿಲ್ಲಿ ಎರಡೆರಡು ಅಡುಗೆ ಮಾಡಿ ಸಾಯ್ತಿದೀನಿ, ನೀವು ಕದ್ದು ಉಪ್ಪು ತಿಂತೀರಾ? ನಾಳೆ ಲಕ್ವ ಹೊಡೆದು ಮಲಗಿದ್ರೆ ಬಾಚೋರು ಯಾರು?"

ಗಿರಣಿಯ ಸದ್ದಿನಲ್ಲೂ ಆ ಮಾತು ಎಲ್ಲರಿಗೂ ಕೇಳಿಸಿತು. ಹೆಂಗಸರು ತಮ್ಮ ಚೀಲ ನೋಡಿಕೊಂಡರು. ಜಲಜಮ್ಮ ಮೆತ್ತಗೆ, "ಬಾಯಿಗೆ ಬೇಕು ಅನ್ಸ್ತಿತ್ತು ಕಣೆ. ತಡ್ಕಳಕೆ ಆಗ್ಲಿಲ್ಲ" ಎಂದರು. ಆಮೇಲೆ ಸೆರಗನ್ನು ಸೊಸೆಯ ಅಂಗೈ ಮೇಲೆ ಕೊಡವಿ, "ತಗ. ಇನ್ನು ಮುಟ್ಟಲ್ಲ" ಎಂದು ಎದ್ದು ಒಳಗೆ ಹೋದರು.

ಮಾತಿಗೆ ತಪ್ಪುವ ಹೆಂಗಸಲ್ಲ ಅವರು. ಮತ್ತೆ ಮುಟ್ಟಲಿಲ್ಲ.

ಒಂದು ವಾರ ಕಳೆಯುವುದರೊಳಗೆ ಜಲಜಮ್ಮ ಸೊರಗತೊಡಗಿದರು. ಮೊದಲು ಊಟ ಬೇಡವೆಂದರು. ಆಮೇಲೆ ತಲೆನೋವು, ವಾಕರಿಕೆ. ಮಾರ್ಚ್ ತಿಂಗಳ ಬಿಸಿಲು, ಸೆಕೆಗೆ ಹಾಗಾಗಿರಬೇಕೆಂದು ಚೈತ್ರಾ ಇನ್ನೂ ಒಂದೆರಡು ಲೋಟ ನೀರು ಹೆಚ್ಚಿಗೆ ಕುಡಿಸಿದಳು. ನಡೆಯುವಾಗ ಗೋಡೆ ಹಿಡಿಯತೊಡಗಿದರು. ಒಂದು ಬೆಳಗ್ಗೆ ಕಾಫಿ ಲೋಟಕ್ಕೆ ಹಲ್ಲುಜ್ಜುವ ಪೇಸ್ಟ್ ಹಿಂಡಿಕೊಂಡು ಕಲಕುತ್ತ ಕೂತಿದ್ದರು. ಇನ್ನೊಂದು ದಿನ ಚೈತ್ರಾಳನ್ನು ಎಂದೋ ತೀರಿಹೋದ ತಮ್ಮ ತಂಗಿಯೆಂದು ತಿಳಿದು, "ಸುಂದರೀ, ಕರು ಕಟ್ಟಿದ್ಯಾ?" ಎಂದು ಕೇಳಿದರು. ಆ ಮನೆಯಲ್ಲಿ ದನ ಸಾಕುವುದು ಬಿಟ್ಟೇ ಇಪ್ಪತ್ತು ವರ್ಷವಾಗಿತ್ತು. ಅಪೇಕ್ಷಾ ಮೊದಲು ನಕ್ಕಳು. ಆಮೇಲೆ ಅಜ್ಜಿಯ ಕೋಣೆಗೆ ಒಬ್ಬಳೇ ಹೋಗಲು ಹೆದರತೊಡಗಿದಳು.

ಸುದ್ದಿ ತಿಳಿದು ಸಾಗರದಲ್ಲಿ ಮಗಳ ಮನೆಯಲ್ಲಿದ್ದ ಜಲಜಮ್ಮನ ಅಣ್ಣ ಮುಕುಂದಯ್ಯ ಬಸ್ಸು ಹತ್ತಿ ಬಂದರು. ತಂಗಿಯ ಎದುರು ಕೂತು, "ನಾನ್ಯಾರು ಹೇಳು ಜಲಜಾ" ಅಂದರು. ಜಲಜಮ್ಮ ಬಹಳ ಹೊತ್ತು ಅವರ ಮುಖ ನೋಡಿ, "ಅಪ್ಪಯ್ಯ" ಎಂದರು. ಎಪ್ಪತ್ತೆರಡರ ಮುಕುಂದಯ್ಯ ಹೆಗಲ ಮೇಲಿನ ಟವೆಲಿನಲ್ಲಿ ಕಣ್ಣೊರೆಸಿಕೊಂಡರು.

"ನಮ್ಮಮ್ಮನಿಗೂ ಹೀಗೇ ಆಗಿತ್ತು ಸತೀಶ. ಅರಳು ಮರಳು ಇದು. ಔಷಧಿ ಇಲ್ಲ. ಆಸ್ಪತ್ರೆ ಆಸ್ಪತ್ರೆ ಅಂತ ಎಳೆದಾಡಬೇಡಿ, ಇರೋವಷ್ಟು ದಿನ ಮನೇಲಿ ಸುಖವಾಗಿ ಇಟ್ಕೊಳ್ಳಿ."

ಸತೀಶ್ ತಲೆ ತಗ್ಗಿಸಿದ. ಚೈತ್ರಾ ಒಳಗೆ ಹೋಗಿ ಕುಕ್ಕರ್ ಇಟ್ಟಳು. ಇಷ್ಟು ಬೇಗವೇ, ಎಂದು ಒಲೆಯೆದುರು ನಿಂತು ಅತ್ತಳು. ಎರಡು ತಿಂಗಳ ಹಿಂದೆ ಮಿಡಿಯ ತೊಟ್ಟು ನೋಡಿಯೇ ಯಾವ ಮರದ್ದೆಂದು ಹೇಳುತ್ತಿದ್ದವರು.

ತರಬೇತಿಗೆಂದು ಎರಡು ವಾರ ಶಿವಮೊಗ್ಗಕ್ಕೆ ಹೋಗಿದ್ದ ಭವ್ಯಾ ಸಂಜೆ ಬಂದಳು. ಬಿ.ಪಿ. ನೂರ ಹತ್ತಿತ್ತು. ಅವಳು ಮತ್ತೊಮ್ಮೆ ನೋಡಿದಳು. ಜಲಜಮ್ಮನ ಕೈಯನ್ನು ಎತ್ತಿ ಬಿಟ್ಟಳು, ಕಣ್ಣಿಗೆ ಟಾರ್ಚ್ ಹಾಕಿ ನೋಡಿದಳು.

"ಯಾವಾಗಿಂದ ಹೀಗೆ ಚೈತ್ರಕ್ಕ?"

"ಎರಡು ವಾರ ಆಯ್ತು. ದೊಡ್ಡ ಮಾವ ಅರಳು ಮರಳು ಅಂತಾರೆ."

"ಅರಳು ಮರಳು ಎರಡು ವಾರದಲ್ಲಿ ಬರಲ್ಲಕ್ಕ. ವರ್ಷಗಟ್ಲೆ ಹಿಡಿಯುತ್ತೆ. ಇಷ್ಟು ಬೇಗ ಆಗಿದೆ ಅಂದ್ರೆ ಒಳಗೆ ಬೇರೆ ಎಂತದೋ ಏರುಪೇರಾಗಿದೆ. ನಾಳೆ ಬೆಳಗ್ಗೆನೇ ತೀರ್ಥಹಳ್ಳಿಗೆ ಕರ್ಕೊಂಡು ಹೋಗಿ. ಯಾರು ಬೇಡ ಅಂದ್ರೂ."

ಮಾರನೇ ದಿನ ಹೊರಡುವ ಹೊತ್ತಿಗೆ ಮತ್ತೆ ಚರ್ಚೆ. ಮುಕುಂದಯ್ಯ ಬೇಡವೆಂದರು, ಸತೀಶ್ ಒಂದು ದಿನ ನೋಡೋಣ ಎಂದ. ಚೈತ್ರಾ ಅತ್ತೆಗೆ ಸೀರೆ ಬದಲಾಯಿಸುತ್ತಿದ್ದಳು. ಆಗ ಅವಳ ಕೈಯಲ್ಲೇ ಜಲಜಮ್ಮನ ಮೈ ಕೊರಡಿನಂತೆ ಬಿಗಿಯಿತು. ಕಣ್ಣಾಲಿ ಮೇಲೆ ಹೋಯಿತು, ಹಲ್ಲು ಕಚ್ಚಿಕೊಂಡವು, ಕೈಕಾಲು ಸೆಳೆದುಕೊಂಡು ಅದುರತೊಡಗಿದವು. ಒಂದು ನಿಮಿಷವಿರಬಹುದು. ಚೈತ್ರಾಗೆ ಅದು ಮುಗಿಯುವುದೇ ಇಲ್ಲ ಅನಿಸಿತು. "ರೀ! ಗಾಡಿ ತೆಗೀರಿ!" ಎಂದು ಅವಳು ಕಿರುಚಿದ್ದು ರಸ್ತೆಯಾಚೆ ಕೇಳಿಸಿತಂತೆ. ಓಮ್ನಿಯ ಹಿಂದಿನ ಸೀಟಿನಲ್ಲಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತೀರ್ಥಹಳ್ಳಿ ಮುಟ್ಟುವವರೆಗೂ ಅವಳು ಆ ಮುಖದಿಂದ ಕಣ್ಣು ತೆಗೆಯಲಿಲ್ಲ.

ಡಾಕ್ಟರ್ ಹರಿಪ್ರಸಾದ್ ಸಿಸ್ಟರಿಗೆ ಇಂಜೆಕ್ಷನ್ ಹೇಳಿ, ಕಾಲು ಕೈ ತಟ್ಟಿ ನೋಡಿ, "ಮಿದುಳಲ್ಲಿ ರಕ್ತಸ್ರಾವ ಆಗಿರಬಹುದು, ಸ್ಕ್ಯಾನಿಗೆ ಶಿವಮೊಗ್ಗಕ್ಕೆ ಕಳಿಸ್ಬೇಕಾಗಬಹುದು" ಎಂದರು. ಆಂಬುಲೆನ್ಸಿಗೆ ಫೋನು ಮಾಡಲು ಹೇಳುತ್ತಲೇ, "ಮನೇಲಿ ಊಟ ಹೇಗೆ ಕೊಡ್ತಿದ್ರಿ?" ಎಂದು ಕೇಳಿದರು.

"ನೀವು ಹೇಳಿದ ಹಾಗೇ ಸಾರ್. ಉಪ್ಪು ಕಮ್ಮಿ" ಎಂದ ಸತೀಶ್.

ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಮಾತು ಅಲ್ಲಿಗೇ ಮುಗಿಯಬಹುದಿತ್ತು. ಮುಕುಂದಯ್ಯ ಅಲ್ಲೇ ನಿಂತಿದ್ದರು, ಬಾಗಿಲಲ್ಲಿ ಇನ್ಯಾರೋ ಪರಿಚಯದವರೂ ಇದ್ದರು. ಆದರೂ ಚೈತ್ರಾ ಒಂದು ಹೆಜ್ಜೆ ಮುಂದೆ ಬಂದಳು.

"ಕಮ್ಮಿ ಅಲ್ಲ ಸಾರ್. ನಾನು ಪೂರ್ತಿ ನಿಲ್ಸಿದ್ದೆ. ಏಳು ವಾರದಿಂದ ಒಂದು ಹರಳೂ ಹಾಕಿಲ್ಲ. ಮೊದಲು ಅವರು ಕದ್ದು ತಿಂತಿದ್ರು. ನಾನು ನೋಡಿ ಬೈದ ಮೇಲೆ ಅದನ್ನೂ ಬಿಟ್ರು. ದಿನಾ ನಾಕು ಲೀಟರ್ ನೀರು ಕುಡಿಸ್ತಿದ್ದೆ. ಈಗ ಎರಡು ವಾರದಿಂದ ಇನ್ನೂ ಜಾಸ್ತಿ."

ಹರಿಪ್ರಸಾದರ ಪೆನ್ನು ನಿಂತಿತು. "ನಾಕು ಲೀಟರ್? ಮಾತ್ರೆ ನಿಲ್ಸಿದ್ರಾ?"

"ಇಲ್ಲ ಸಾರ್, ಒಂದು ದಿನಾನೂ ತಪ್ಸಿಲ್ಲ."

ಅವರು ತಿರುಗಿ, "ಸಿಸ್ಟರ್, ಆಂಬುಲೆನ್ಸ್ ಈಗ ಬೇಡ. ಮೊದಲು ರಕ್ತ ತೆಗೀರಿ, ಸೋಡಿಯಂ ಅರ್ಜೆಂಟ್ ಅಂತ ಲ್ಯಾಬಿಗೆ ಹೇಳಿ" ಎಂದರು.

ಅರ್ಧ ಗಂಟೆಯಲ್ಲಿ ಚೀಟಿ ಬಂತು. ನೂರ ಹನ್ನೆರಡು. ಹರಿಪ್ರಸಾದ್ ಮೂವರನ್ನೂ ಕೂರಿಸಿಕೊಂಡರು.

"ನೋಡಿ, ಇದು ಲಕ್ವ ಅಲ್ಲ, ಅರಳು ಮರಳೂ ಅಲ್ಲ. ನಮ್ಮ ರಕ್ತದಲ್ಲಿ ಉಪ್ಪಿನಂಶಕ್ಕೆ ಒಂದು ಹದ ಇದೆ. ನೂರ ಮೂವತ್ತೈದರಿಂದ ನೂರ ನಲವತ್ತೈದು. ನೀವು ಹಬ್ಬದೂಟ ಮಾಡಿ, ಉಪವಾಸ ಇರಿ, ಬಿಸಿಲಲ್ಲಿ ಬೆವರಿ, ದೇಹ ಅದನ್ನ ಆ ಹದದೊಳಗೇ ಇಟ್ಕೊಳ್ಳುತ್ತೆ. ಉಪ್ಪು ಜಾಸ್ತಿ ಆದ್ರೆ ಬಾಯಾರಿಕೆ ಮಾಡ್ಸುತ್ತೆ. ನೀರು ಜಾಸ್ತಿ ಆದ್ರೆ ಮೂತ್ರದಲ್ಲಿ ಹೊರಗೆ ಹಾಕುತ್ತೆ. ಹೇಳೋರು ಕೇಳೋರು ಯಾರೂ ಬೇಡ, ಹುಟ್ಟಿದಾಗಿಂದ ಈ ಕೆಲಸ ನಡೀತಾನೇ ಇರುತ್ತೆ. ಆದ್ರೆ ಅದಕ್ಕೂ ಒಂದು ಮಿತಿ ಇದೆಯಲ್ಲ? ಈ ಕಡೆ ಉಪ್ಪು ಬಂದ್, ಆ ಕಡೆ ಕೊಡಗಟ್ಲೆ ನೀರು, ಮೇಲಿಂದ ಮಾತ್ರೆ. ಆ ಮಾತ್ರೆ ಕೆಲವರಿಗೆ ಉಪ್ಪನ್ನ ಹೆಚ್ಚು ಹೊರಗೆ ಹಾಕ್ಸುತ್ತೆ, ಅದನ್ನ ನೋಡೋಕೇ ತಿಂಗಳಿಗೆ ಬನ್ನಿ ಅಂದಿದ್ದು. ರಕ್ತ ತೆಳುವಾದಾಗ ನೀರು ಮಿದುಳಿನ ಕೋಶಗಳಿಗೆ ನುಗ್ಗುತ್ತೆ. ಅವು ಊದ್ಕೊಂಡಾಗ ಮರೆವು, ತಡವರಿಸೋದು, ಕೊನೆಗೆ ಫಿಟ್ಸ್."

ಚೈತ್ರಾ ಕೇಳಿದಳು, "ಅವರು ಕದ್ದು ತಿಂತಿದ್ರಲ್ಲ ಸಾರ್..."

"ಅದು ಚಪಲ ಅಲ್ಲಮ್ಮ" ಎಂದರು ಹರಿಪ್ರಸಾದ್. "ದೇಹ ಕೇಳಿದ್ದು. ಅಷ್ಟಾದ್ರೂ ತಿಂತಿದ್ದಕ್ಕೇ ಮೊದಲ ಮೂರು ನಾಕು ವಾರ ತಡೆದಿದೆ."

ಚೈತ್ರಾಗೆ ಗಿರಣಿಯ ಬೆಂಚು ಕಂಡಿತು, ಕಣ್ಣು ಮುಚ್ಚಿ ಚೀಪುತ್ತಿದ್ದ ಆ ಮುಖ ಕಂಡಿತು. ಹೊರಗೆ ಬಂದವಳೇ ಗೋಡೆಗೆ ಒರಗಿ ನಿಂತಳು. ಹಿಂದೆಯೇ ಬಂದ ಮುಕುಂದಯ್ಯ ಅವಳ ಎದುರು ನಿಂತರು.

"ನಾಯಿಗಾದ್ರೂ ಒಂದು ಹರಳು ಉಪ್ಪು ಹಾಕಿ ಅನ್ನ ಹಾಕ್ತಾರೆ. ನನ್ನ ತಂಗೀನ ಹಿಂಗಾ ನೋಡ್ಕಳೋದು?"

"ಮಾವ, ನೀರಿನ ವಿಷಯ ನಾನೇ ಹೇಳಿದ್ದು" ಎಂದ ಸತೀಶ್. ಮುಕುಂದಯ್ಯ ಅವನ ಕಡೆ ನೋಡಲೂ ಇಲ್ಲ.

ಜಲಜಮ್ಮನನ್ನು ಐ.ಸಿ.ಯು.ಗೆ ಹಾಕಿದರು. ಉಪ್ಪಿನ ಡ್ರಿಪ್ಪು ಹನಿಹನಿಯಾಗಿ ಇಳಿಯತೊಡಗಿತು. ನಾಲ್ಕು ಗಂಟೆಗೊಮ್ಮೆ ರಕ್ತ. ಮಧ್ಯಾಹ್ನದ ಹೊತ್ತಿಗೆ ನೂರ ಹದಿನೈದಾಯಿತು. ಸತೀಶನಿಗೆ ತಾಳ್ಮೆ ಉಳಿಯಲಿಲ್ಲ.

"ಸಾರ್, ಉಪ್ಪು ತಾನೇ ಬೇಕಿರೋದು? ಇನ್ನೊಂದು ಬಾಟ್ಲಿ ಏರಿಸಿ ಇವತ್ತೇ ಸರಿ ಮಾಡಬಹುದಲ್ಲ?"

ಹರಿಪ್ರಸಾದ್ ಕೈ ಅಡ್ಡ ಮಾಡಿದರು. "ಅದೇ ಮಾಡಬಾರದು. ಎರಡು ಮೂರು ವಾರದಿಂದ ಮಿದುಳು ಈ ತೆಳು ರಕ್ತಕ್ಕೆ ಹೊಂದ್ಕೊಂಡುಬಿಟ್ಟಿದೆ. ಪೂರ್ತಿ ಊದ್ಕೊಂಡು ಸಾಯಬಾರದು ಅಂತ ತನ್ನೊಳಗಿನ ಸಾಮಾನು ಸ್ವಲ್ಪ ಸ್ವಲ್ಪ ಹೊರಗೆ ಹಾಕಿ ಹೇಗೋ ಬದುಕಿದೆ. ಈಗ ನಾವು ಹೊರಗಿಂದ ಒಂದೇ ಸಲ ಉಪ್ಪು ಏರಿಸಿದ್ರೆ ಅದರ ನೀರೆಲ್ಲ ಹೀರಿ ಹೋಗುತ್ತೆ, ಕೈಕಾಲು ಮಾತು ಶಾಶ್ವತವಾಗಿ ನಿಂತು ಹೋಗಬಹುದು. ದಿನಕ್ಕೆ ಏಳೆಂಟು ಅಂಕಿ, ಅದಕ್ಕಿಂತ ಜಾಸ್ತಿ ಬೇಡ. ಹಾಳಾಗೋಕೆ ವಾರಗಟ್ಲೆ ಹಿಡಿದಿದೆ, ಸರಿ ಆಗೋಕೂ ದಿನಗಟ್ಲೆ ಬಿಡಿ."

ಚೈತ್ರಾ ಐ.ಸಿ.ಯು.ನ ಹೊರಗಿನ ಬೆಂಚು ಬಿಟ್ಟು ಕದಲಲಿಲ್ಲ. ಸಿಸ್ಟರ್ ಹೊರಗೆ ಬಂದಾಗೆಲ್ಲ ಎದ್ದು ನಿಂತು ಅಂಕಿ ಕೇಳುತ್ತಿದ್ದಳು. ಮಾರನೇ ಬೆಳಗ್ಗೆ ನೂರ ಹತ್ತೊಂಬತ್ತು. ಅಷ್ಟು ಹೊತ್ತಿಗೆ ಅವಳಿಗೂ ತಿಳಿದಿತ್ತು, ಬೇಗ ಏರಿದರೆ ಹೆದರಬೇಕು, ಮೆಲ್ಲಗೆ ಏರಿದರೆ ಸಮಾಧಾನ. ಅಂಥ ಕಾಯುವಿಕೆ ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಏನನ್ನೇ ಆದರೂ ಅವಳಿಗೆ ಬೇಗ ಬೇಗ, ಪೂರ್ತಿ ಪೂರ್ತಿ ಮಾಡಿಯೇ ಅಭ್ಯಾಸ.

ಹತ್ತು ಗಂಟೆಗೆ ಮುಕುಂದಯ್ಯ ಎದುರಿನ ಹೋಟೆಲಿನಿಂದ ಕಾಫಿ, ಎರಡು ಇಡ್ಲಿ ತಂದು ಬೆಂಚಿನ ಮೇಲಿಟ್ಟರು. ಅವಳ ಮುಖ ನೋಡದೆ, "ತಿನ್ನು" ಎಂದರು. "ಮನೇಲೇ ಇಟ್ಕೊಳ್ಳಿ ಅಂದಿದ್ದು ನಾನು. ನನ್ನ ಮಾತು ಕೇಳಿದ್ರೆ ಅವಳು ಇಷ್ಟೊತ್ತಿಗೆ ಇರ್ತಿರ್ಲಿಲ್ಲ." ಅಷ್ಟು ಹೇಳಿ ಔಷಧಿ ಅಂಗಡಿಯ ಕಡೆ ನಡೆದುಬಿಟ್ಟರು. ಚೈತ್ರಾ ಆಸ್ಪತ್ರೆಗೆ ಬಂದ ಮೇಲೆ ಮೊದಲ ಬಾರಿಗೆ ಏನನ್ನಾದರೂ ಬಾಯಿಗಿಟ್ಟಳು.

ಮೂರನೆಯ ದಿನ ನೂರ ಇಪ್ಪತ್ತಾರಿದ್ದಾಗ ಜಲಜಮ್ಮ ಕಣ್ಣು ಬಿಟ್ಟು, ಚೈತ್ರಾಳನ್ನು ಸರಿಯಾಗಿ ನೋಡಿ, "ಅಪೇಕ್ಷಾ ಶಾಲೆಗೆ ಹೋಯ್ತಾ?" ಎಂದರು.

"ಹೋಗಿದೆ ಅತ್ತೆ. ಭವ್ಯಾ ಸಿಸ್ಟರ್ ಕಳಿಸ್ತಿದಾರೆ."

"ಜಡೆ ಹಾಕಿ ಕಳ್ಸಿದ್ರಂತಾ? ಅದಕ್ಕೆ ಒಬ್ಳೇ ಹಾಕ್ಕಳಕೆ ಬರಲ್ಲ."

ಚೈತ್ರಾಗೆ ಅಳು, ನಗು ಎರಡೂ ಒಟ್ಟಿಗೆ ಬಂತು. ಜಡೆಯ ಚಿಂತೆ ಮಾಡುವಷ್ಟು ಅತ್ತೆ ವಾಪಸು ಬಂದಿದ್ದರು.

ನಾಲ್ಕನೆಯ ದಿನ ವಾರ್ಡಿಗೆ ಹಾಕಿದರು. ಮಧ್ಯಾಹ್ನ ಇಬ್ಬರೇ ಇದ್ದಾಗ ಜಲಜಮ್ಮ ತಾವಾಗಿಯೇ ಮಾತು ತೆಗೆದರು. "ನಿಮ್ಗೆಲ್ಲ ನಾನು ಇಲ್ಲ ಅನ್ಸಿತ್ತೇನೋ. ನಾನು ಒಳಗೇ ಇದ್ದೆ ಕಣೆ. ಆದ್ರೆ ಎಲ್ಲ ಒಂಥರಾ ನೀರೊಳಗೆ ಇದ್ದ ಹಾಗೆ. ನೀನು ಮಾತಾಡ್ಸಿದ್ದು ಕೇಳ್ತಿತ್ತು. ಹೆಸರು ಬಾಯಿಗೆ ಬರೋ ಅಷ್ಟೊತ್ತಿಗೆ ಬೇರೆ ಎಂತದೋ ಬರ್ತಿತ್ತು. ಹೆದರಿಕೆ ಆಗ್ತಿತ್ತು. ಹೆದರಿಕೆ ಅಂತ ಹೇಳಕೂ ಬರ್ತಿರ್ಲಿಲ್ಲ."

ಚೈತ್ರಾ ಅವರ ಕೈ ಹಿಡಿದುಕೊಂಡಳು. ಡ್ರಿಪ್ಪಿನ ಸೂಜಿ ಚುಚ್ಚಿ ಚುಚ್ಚಿ ನೀಲಿಗಟ್ಟಿದ ಕೈ.

"ಅತ್ತೆ, ಒಂದು ಹೇಳ್ಬೇಕು. ನಿಮ್ಮ ಬಿ.ಪಿ.ಗೆ ಹೆದರಿದ್ದು ನಿಜ. ಆದ್ರೆ ಅಷ್ಟೇ ಆಗಿದ್ರೆ ನಾನು ಅಷ್ಟು ಬಿಗಿ ಮಾಡ್ತಿರ್ಲಿಲ್ಲ. ನಿಮಗೆ ಉಪ್ಪಿಲ್ಲದ ಊಟ ಬಡಿಸೋವಾಗ ನಂಗೆ... ಒಳಗೆ ಒಂದು ಖುಷಿ ಇತ್ತು. ಈಗ ಹೇಳಿ ನೋಡೋಣ ಉಪ್ಪು ಸಾಲ್ದು ಅಂತ, ಅನ್ನೋ ಹಾಗೆ."

ಹೇಳಿ ಮುಗಿಸಿ ಅವಳು ತಲೆ ಎತ್ತಲಿಲ್ಲ. ಜಲಜಮ್ಮ ಕೈ ಬಿಡಿಸಿಕೊಳ್ಳಲಿಲ್ಲ.

"ಗೊತ್ತಿತ್ತು" ಎಂದರು. "ತಟ್ಟೆ ಇಡೋವಾಗ ನಿನ್ನ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಬೇಜಾರೂ ಆಗಿತ್ತು, ಇಲ್ಲ ಅನ್ನಲ್ಲ. ಜನರ ಎದುರು ಅಂದ್ಯಲ್ಲ, ಅದು ಜಾಸ್ತಿ ಬೇಜಾರಾಯ್ತು." ಸ್ವಲ್ಪ ಸುಧಾರಿಸಿಕೊಂಡರು. "ನಂದೂ ಒಂದು ಹೇಳ್ತೀನಿ. ಹನ್ನೆರಡು ವರ್ಷ ದಿನಾ ನಿನ್ನ ಸಾರಲ್ಲಿ ಉಪ್ಪು ಕಮ್ಮಿ ಇರ್ತಿತ್ತು ಅಂತಲ್ಲ. ಸರಿ ಇದ್ದ ದಿನಾನೂ ಅಂದಿದೀನಿ. ಅಂದು ಅಂದು ಬಾಯಿಗೆ ರೂಢಿ ಆಗಿತ್ತು. ಅಡುಗೆಮನೆ ನಿಂಗೆ ಬಿಟ್ಕೊಟ್ಟ ಮೇಲೆ ನಂಗೆ ಅಲ್ಲಿ ಹೇಳಕೆ ಇನ್ನೆಂತ ಇತ್ತು?"

ಚೈತ್ರಾ ಹಾಸಿಗೆಯ ಅಂಚಿಗೆ ಹಣೆಯಿಟ್ಟು ಅತ್ತಳು. ಜಲಜಮ್ಮ ಅವಳ ತಲೆಯ ಮೇಲೆ ಕೈಯಿಟ್ಟು, "ಸಾಕು, ಸಾಕು. ಡಾಕ್ಟ್ರು ಬಂದ್ರೆ ನಂಗೇ ಎಂತದೋ ಆಯ್ತು ಅಂದ್ಕತಾರೆ" ಎಂದರು.

ಆರನೆಯ ದಿನ, ಅಂಕಿ ನೂರ ಮೂವತ್ನಾಲ್ಕಕ್ಕೆ ಬಂದಾಗ, ಮನೆಗೆ ಕಳಿಸಿದರು. ಮಾತ್ರೆ ಬದಲಾಗಿತ್ತು. ದಿನದ ಅಡುಗೆಗೆಲ್ಲ ಸೇರಿ ಒಂದು ಸಣ್ಣ ಚಮಚ ಉಪ್ಪು, ಅದಕ್ಕಿಂತ ಹೆಚ್ಚೂ ಬೇಡ, ಕಮ್ಮಿಯೂ ಬೇಡ. ನೀರು ಬಾಯಾರಿದಾಗ ಮಾತ್ರ. ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಸತೀಶ್ ಆ ದಿನಾಂಕಗಳನ್ನು ಗಿರಣಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಅಂದು ಗಿರಣಿ ಬಂದ್ ಎಂದೂ ಬರೆದ. ಮೊಬೈಲಿನ ಆ ವಿಡಿಯೋವನ್ನು ತಾನು ಯಾರ್ಯಾರಿಗೆ ಕಳಿಸಿದ್ದನೋ ಅವರಿಗೆಲ್ಲ ಫೋನು ಮಾಡಿ, ನಂಬಬೇಡಿ ಎಂದು ಹೇಳಿದ.

ಜಲಜಮ್ಮ ಪೂರ್ತಿ ಮೊದಲಿನಂತಾಗಲು ಎರಡು ತಿಂಗಳು ಹಿಡಿಯಿತು. ಕಾಲಿನ ತಡವರಿಕೆ ನಿಧಾನಕ್ಕೆ ಹೋಯಿತು. ಕಾಯಿಲೆಯ ಎರಡು ವಾರದ ಬಹುಪಾಲು ನೆನಪು ಮಾತ್ರ ಬರಲಿಲ್ಲ. ಒಮ್ಮೆ ಬಟ್ಟೆ ಮಡಚುತ್ತ, "ನಾನಾಗ ಎಂತೆಂತ ಹೇಳ್ದೆ, ಬಚ್ಚಿಡದೆ ಹೇಳು" ಎಂದರು. ಚೈತ್ರಾ ಎಲ್ಲವನ್ನೂ ಹೇಳಿದಳು. ಗಿರಣಿಯ ಸದ್ದು ಕೇಳಿ, ಜೋಗದಲ್ಲಿ ನೀರು ಬಿಟ್ಟಿದ್ದಾರೆ, ನೋಡಲು ಹೋಗೋಣ, ಒಳ್ಳೆ ಸೀರೆ ಕೊಡು ಎಂದು ಹಟ ಹಿಡಿದದ್ದನ್ನು ಹೇಳಿದಾಗ ಜಲಜಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕೊಟ್ಯಾ ಸೀರೆ?" ಎಂದು ಕೇಳಿದರು.

"ಕೊಟ್ಟೆ. ಹಸಿರು ರೇಷ್ಮೆ. ಉಟ್ಕೊಂಡು ಸಂಜೆವರೆಗೂ ಜಗುಲಿ ಮೇಲೆ ಕೂತಿದ್ರಿ."

ಜೂನ್ ಮೊದಲ ವಾರ ಸಾಗರದಿಂದ ಮುಕುಂದಯ್ಯ ಫೋನು ಮಾಡಿ, ಮರಿಮಗುವಿನ ನಾಮಕರಣಕ್ಕೆ ನಾಲ್ಕು ದಿನ ಮೊದಲೇ ಬಾ ಎಂದು ತಂಗಿಯನ್ನು ಕರೆದರು. ಕಾಯಿಲೆಯಾದ ಮೇಲೆ ಜಲಜಮ್ಮ ಒಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಸತೀಶ್ ತಾನೇ ಬಿಟ್ಟು ಬರುತ್ತೇನೆಂದ. "ಬಸ್ಸಲ್ಲಿ ಕೂತ್ರೆ ಅದೇ ಕರ್ಕೊಂಡು ಹೋಗ್ತದೆ" ಎಂದು ಅವರು ಒಪ್ಪಲಿಲ್ಲ.

ಹೊರಡುವ ದಿನ ಚೈತ್ರಾ ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿನವರೆಗೆ ಬಂದಳು. ಸಾಗರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ಮಾತ್ರೆಯ ಡಬ್ಬಿ ಚೀಲದಲ್ಲಿದೆಯೇ ಎಂದು ನೋಡಿದಳು. ಊಟದ ಬಗ್ಗೆ ದೊಡ್ಡ ಮಾವನ ಮಗಳಿಗೆ ಫೋನು ಮಾಡಿ ಹೇಳುತ್ತೇನೆ ಎಂದು ಮೊಬೈಲ್ ತೆಗೆದಳು.

"ಬೇಡ" ಎಂದರು ಜಲಜಮ್ಮ. "ಡಾಕ್ಟ್ರು ಹೇಳಿದ್ದು ನಂಗೂ ನೆನಪಿದೆ. ತಲೆ ಸರಿ ಇದ್ಯಲ್ಲ ಈಗ. ನಾನೇ ಹೇಳ್ತೀನಿ."

ಚೈತ್ರಾ ಒಂದು ಗಳಿಗೆ ಮೊಬೈಲ್ ಕೈಯಲ್ಲೇ ಹಿಡಿದು ನಿಂತಳು. ಆಮೇಲೆ ಅದನ್ನು ಬ್ಯಾಗಿಗೆ ಹಾಕಿಕೊಂಡು, "ಆಯ್ತು ಅತ್ತೆ. ಮುಟ್ಟಿದ ಮೇಲೆ ಒಂದು ಫೋನ್ ಮಾಡಿ" ಎಂದಳು. ಬಸ್ಸು ಹೊರಟಿತು. ಜಲಜಮ್ಮ ಪಕ್ಕದ ಸೀಟಿನ ಹೆಂಗಸಿನೊಡನೆ ಆಗಲೇ ಮಾತಿಗಿಳಿದಿದ್ದರು, ಕೈ ಬೀಸಲೂ ಮರೆತರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ಚೈತ್ರಾ ಅಪೇಕ್ಷಾಗೆ ಹೊಸ ಛತ್ರಿ ಕೊಳ್ಳಲು ಪೇಟೆಯ ಕಡೆ ನಡೆದಳು.